ಹರಿಶ್ಚಂದ್ರ ಯಾಕೆ ಹಾಡಿದ?

ಸ್ಮಶಾನದ ದೃಶ್ಯದ ತಾಲೀಮು. ಹರಿಶ್ಚಂದ್ರನಾಗಿದ್ದ ನಾನು ರಂಗದ ಮುಂಭಾಗಕ್ಕೆ ಬಂದು, ಹಾರ್ಮೋನಿಯಂ ಶ್ರುತಿಗೆ ದನಿ ಕೂಡಿಸಿ ಹಾಡು ಎತ್ತಿಕೊಂಡೆ. ಮೊದಲ ಸಾಲು ಮುಗಿಯುವ ಮುನ್ನವೇ ಮೇಷ್ಟ್ರು ಕೈಯೆತ್ತಿ ನಿಲ್ಲಿಸಿದರು.

“ಈಗ ಯಾಕೆ ಹಾಡಿದೆ?”

“ಇಲ್ಲಿ ಹಾಡು ಬರೆದಿದ್ದಾರೆ ಸರ್.”

“ಅದು ಬರೆದವರ ಕಾರಣ. ಹರಿಶ್ಚಂದ್ರನ ಕಾರಣ ಏನು?”

1983ರ ಆ ಸಂಜೆ ನನ್ನಲ್ಲಿ ಉತ್ತರವಿರಲಿಲ್ಲ. ಈ ಪ್ರಶ್ನೆಯನ್ನು ತಾವು ಕಲಿತದ್ದು ಒಪೆರಾ (ಹಾಡಿನಲ್ಲೇ ನಡೆಯುವ ಪಾಶ್ಚಾತ್ಯ ನಾಟಕ) ನಿರ್ದೇಶಕ ವಾಲ್ಟರ್ ಫೆಲ್ಸೆನ್‌ಸ್ಟೈನ್ ಅವರ ಕೆಲಸದಿಂದ ಎಂದು ಮೇಷ್ಟ್ರು ಆಮೇಲೆ ಹೇಳಿದರು. ಜರ್ಮನ್ ಕಲಿಯಲು ಹೋಗಿದ್ದಾಗ ಮೇಷ್ಟ್ರು ಪೂರ್ವ ಬರ್ಲಿನ್ನಿನಲ್ಲಿ ಒಂದು ರಾತ್ರಿ ಸಂಗೀತ ಸಂಯೋಜಕ ಆಫೆನ್‌ಬಾಖ್‌ನ ‘ನೀಲಿಗಡ್ಡ’ ಎಂಬ ಒಪೆರೆಟಾ (ಹಗುರ ಧಾಟಿಯ ಒಪೆರಾ) ನೋಡಿದ್ದರು. ಫೆಲ್ಸೆನ್‌ಸ್ಟೈನ್ ಆಗಲೇ ತೀರಿಕೊಂಡಿದ್ದರು. 1963ರಲ್ಲಿ ಅವರು ಕಟ್ಟಿದ ಆ ಪ್ರಯೋಗ ಮಾತ್ರ ನಿಂತಿರಲಿಲ್ಲ, 1992ರವರೆಗೂ ನಡೆಯಿತು.

1901ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಈ ಮನುಷ್ಯ ರಂಗಭೂಮಿಗೆ ಬಂದದ್ದು ನಟನಾಗಿ. ಒಪೆರಾ ನಿರ್ದೇಶಿಸುವಾಗಲೂ ನಟನ ಕಣ್ಣು ಮುಚ್ಚಲಿಲ್ಲ. ಯುದ್ಧದಲ್ಲಿ ಜರ್ಜರಿತವಾಗಿದ್ದ ಬರ್ಲಿನ್ನಿನಲ್ಲಿ ‘ಕೋಮಿಷೆ ಒಪರ್’ ಸಂಸ್ಥೆಯನ್ನು ಕಟ್ಟಿ, 1947ರ ಡಿಸೆಂಬರ್ 23ರಂದು ಯೋಹಾನ್ ಸ್ಟ್ರಾಸ್‌ನ ಒಪೆರೆಟಾ ‘ಡಿ ಫ್ಲೇಡರ್‌ಮೌಸ್’ನಿಂದ ಆರಂಭಿಸಿದರು. ಒಪೆರೆಟಾ ಎಂದರೆ ಹಗುರ ಮನರಂಜನೆ ಎಂದು ಅವರು ಎಂದೂ ಉದಾಸೀನದಿಂದ ಮಾಡಿದವರಲ್ಲ. ಮೊಜಾರ್ಟನಿಗೆ ಎಷ್ಟು ಬೆವರೋ ಆಫೆನ್‌ಬಾಖ್‌ನಿಗೂ ಅಷ್ಟೇ. ತಿಂಗಳುಗಟ್ಟಲೆ ತಾಲೀಮು. ಪ್ರೇಕ್ಷಕರಿಗೆ ಮಾತು ತಿಳಿಯಬೇಕೆಂದು ಎಲ್ಲವೂ ಜರ್ಮನ್ ಭಾಷೆಯಲ್ಲಿ. ಹಲವು ಅನುವಾದಗಳು ಅವರವೇ. 1956ರಲ್ಲಿ ಜೆಕ್ ಸಂಗೀತ ಸಂಯೋಜಕ ಯಾನಾಚೆಕ್‌ನ ಹೆಣ್ಣು ನರಿಯ ಕಥೆಯನ್ನು ಅವರು ರಂಗಕ್ಕೆ ತಂದ ಮೇಲೆ ಆ ಒಪೆರಾವನ್ನು ಯುರೋಪು ಹೊಸದಾಗಿ ನೋಡಿತು. 1975ರಲ್ಲಿ ತೀರಿಕೊಳ್ಳುವವರೆಗೂ ಆ ರಂಗಮಂದಿರ ಅವರ ಕೈಯಲ್ಲೇ ಇತ್ತು. ಗೊಟ್ಸ್ ಫ್ರೀಡ್ರಿಖ್, ಯೋಆಖಿಮ್ ಹೆರ್ಟ್ಸ್ ಅಂಥ ನಿರ್ದೇಶಕರು ಅಲ್ಲಿ ಬೆಳೆದವರು.

ಮೇಷ್ಟ್ರಿಗೆ ನಮ್ಮ ಕಂಪನಿ ನಾಟಕಗಳ ಮೇಲೆ ಅಪಾರ ಪ್ರೀತಿ. ಅದಕ್ಕೇ ಅಲ್ಲಿಯ ಹಾಡು ಅಲಂಕಾರವಾಗಿ ಉಳಿಯುವುದನ್ನು ಅವರು ಸಹಿಸುತ್ತಿರಲಿಲ್ಲ. ಮಾತು ಸೋತ ಜಾಗದಲ್ಲಿ ಹಾಡು ಹುಟ್ಟಬೇಕು ಎನ್ನುತ್ತಿದ್ದರು.

ನನಗೆ ಉತ್ತರ ಸಿಕ್ಕಿದ್ದು ನಾಲ್ಕನೆಯ ದಿನ. ಸ್ವಂತ ಮಗನ ಹೆಣ ಸುಡಲು ಸ್ವಂತ ಹೆಂಡತಿಯನ್ನೇ ಸುಂಕ ಕೇಳಬೇಕು. ಯಾವ ಮಾತಿನಲ್ಲಿ ಕೇಳುವುದು? ಆ ಸಂಜೆ ನಾನು ಮುಂದೆ ಬರಲಿಲ್ಲ. ಚಂದ್ರಮತಿಯ ಮುಖ ನೋಡಲಾಗದೆ ನಿಂತಲ್ಲೇ ನಿಂತು, ನೆಲ ನೋಡುತ್ತಾ, ಬಹಳ ಕೆಳಗಿನ ಸ್ಥಾಯಿಯಲ್ಲಿ ಆರಂಭಿಸಿದೆ. ಮೇಷ್ಟ್ರು ಕೈಯೆತ್ತಲಿಲ್ಲ.

ವಾರ್ಷಿಕೋತ್ಸವದ ರಾತ್ರಿ ಸಭಾಂಗಣದ ಹಿಂದಿನಿಂದ ಯಾರೋ “ವನ್ಸ್ ಮೋರ್” ಎಂದು ಕೂಗಿದರು. ಹಾರ್ಮೋನಿಯಂ ನುಡಿಸುತ್ತಿದ್ದವರು ರಂಗದ ಪಕ್ಕದಲ್ಲಿ ನಿಂತಿದ್ದ ಮೇಷ್ಟ್ರ ಕಡೆ ನೋಡಿದರು. ಅವರು ತಲೆಯಾಡಿಸಿ ಬೇಡವೆಂದರು. ಚಂದ್ರಮತಿ ತಾಳಿಗೆ ಕೈ ಹಾಕಿದಳು, ನಾಟಕ ಮುಂದುವರಿಯಿತು.