ಎಂಆರ್‌ಐ ಕ್ಲೀನ್ ಅಂದ ಮಾತ್ರಕ್ಕೆ ಕೇಸ್ ಮುಗಿಯಲ್ಲ

ಕ್ರೇನಿಯೋಫ್ಯಾರಿಂಜಿಯೋಮಾ, ಅಂದರೆ ಮಿದುಳಿನ ಬುಡದಲ್ಲಿ ಪಿಟ್ಯುಟರಿ ಗ್ರಂಥಿಯ ಬಳಿ ಬೆಳೆಯುವ ಗಡ್ಡೆಯ ಆಪರೇಷನ್ ಆಗಿ ಎರಡು ವರ್ಷವಾಗಿದ್ದ ಒಂಬತ್ತರ ಹುಡುಗಿ. ರಾತ್ರಿ ಕ್ಯಾಜುವಾಲ್ಟಿಗೆ ಬಂದಾಗ ಜ್ವರ 39 ಡಿಗ್ರಿ ಸೆಲ್ಸಿಯಸ್, ಸಂಜೆಯಿಂದ ವಾಂತಿ, ಕರೆದರೆ ಕಣ್ಣು ಅರೆ ತೆರೆದು ಮತ್ತೆ ಮುಚ್ಚುತ್ತಿದ್ದಳು. ಡ್ಯೂಟಿ ಡಾಕ್ಟರ ಗಮನವೆಲ್ಲ ತಲೆಯ ಮೇಲೆ: ಗಡ್ಡೆ ಮರುಕಳಿಸಿತೇ, ನೀರು ತುಂಬಿತೇ? ಮೊದಲು ಸಿಟಿ ಎಂದರು. ಸಿಟಿಗೆ ಕ್ಯೂ. ಅಷ್ಟರಲ್ಲಿ ಜಿಆರ್‌ಬಿಎಸ್ (ಬೆರಳು ಚುಚ್ಚಿ ನೋಡುವ ಸಕ್ಕರೆ) 41ಕ್ಕೆ ಕುಸಿದಿತ್ತು, ಬಿಪಿ ಇಳಿಮುಖ. "ಸ್ಟಿರಾಯ್ಡ್ ಮಾತ್ರೆ ಪೂರ್ತಿ ವಾಂತಿಯಾಗೋಯ್ತು ಸರ್" ಅಂತ ತಾಯಿ ಹೇಳುತ್ತಲೇ ಇದ್ದರು. ಅದು ಕೇಸ್‌ಶೀಟಿಗೆ ಏರಲಿಲ್ಲ, ಪುಣ್ಯಕ್ಕೆ ಹಿರಿಯ ಸಿಸ್ಟರ್ ಕಿವಿಗೆ ಬಿತ್ತು. ಹೈಡ್ರೊಕಾರ್ಟಿಸೋನ್ (ಅದೇ ಸ್ಟಿರಾಯ್ಡ್) ಇಂಜೆಕ್ಷನ್ 100 ಮಿಗ್ರಾಂ, 10% ಡೆಕ್ಸ್ಟ್ರೋಸ್ (ಸಕ್ಕರೆ ಡ್ರಿಪ್) ಕೊಟ್ಟ ಸ್ವಲ್ಪ ಹೊತ್ತಿಗೆ ಹುಡುಗಿ ನೀರು ಕೇಳಿದಳು. ಸಿಟಿಯಲ್ಲಿ ಹೊಸದೇನೂ ಇರಲಿಲ್ಲ.

ಈ ಗಡ್ಡೆಯಿಂದಲೋ ಆಪರೇಷನ್ನಿನಿಂದಲೋ ಪಿಟ್ಯುಟರಿ ಕೆಲಸ ನಿಂತ ಮಗು ಕಾಯಿಲೆ ಬಿದ್ದಾಗ ಕಾರ್ಟಿಸಾಲ್ (ದೇಹ ತಾನೇ ಮಾಡಿಕೊಳ್ಳುವ ಸ್ಟಿರಾಯ್ಡ್ ಹಾರ್ಮೋನ್) ಏರಿಸಿಕೊಳ್ಳಲಾರದು. ಹೈಡ್ರೊಕಾರ್ಟಿಸೋನಿನ ದಿನದ ಡೋಸ್ ದೇಹದ ಮೇಲ್ಮೈಯ ಚದರ ಮೀಟರಿಗೆ 8–10 ಮಿಗ್ರಾಂ, ಮೂರು ಭಾಗ ಮಾಡಿ. ಜ್ವರ 38 ದಾಟಿದರೆ ಎರಡು ಪಟ್ಟು, 39 ದಾಟಿದರೆ ಮೂರು ಪಟ್ಟು. ಮಾತ್ರೆ ವಾಂತಿಯಾದರೆ ಇನ್ನೊಮ್ಮೆ ಕೊಡಿ. ಅದೂ ನಿಲ್ಲದಿದ್ದರೆ, ಇಲ್ಲವೇ ಮಗು ಮಂಕಾದರೆ, ತೊಡೆಗೆ ಇಂಜೆಕ್ಷನ್: ಒಂದು ವರ್ಷದೊಳಗೆ 25 ಮಿಗ್ರಾಂ, ಐದು ವರ್ಷದವರೆಗೆ 50, ಮೇಲ್ಪಟ್ಟವರಿಗೆ 100. ಸ್ಕ್ಯಾನಿಗೂ ಸೋಡಿಯಂ ರಿಪೋರ್ಟಿಗೂ ಕಾಯಬಾರದು.

ನಮ್ಮ ಡಿಸ್ಚಾರ್ಜ್ ಟೆಂಪ್ಲೇಟಿನಲ್ಲಿ ಹೊಲಿಗೆ ಬಿಚ್ಚುವ ತಾರೀಖಿಗೆ ಕಾಲಂ ಇದೆ, ಸ್ಟ್ರೆಸ್ ಡೋಸಿಗೆ (ಕಾಯಿಲೆ ಬಿದ್ದಾಗ ಹೆಚ್ಚಿಸುವ ಈ ಸ್ಟಿರಾಯ್ಡಿಗೆ) ಇಲ್ಲ. "ಕಂಟಿನ್ಯೂ ಸೇಮ್ ಮೆಡಿಸಿನ್ಸ್" ಅಂತ ಕಾಪಿ-ಪೇಸ್ಟ್ ಆಗಿ ಬರುತ್ತದೆ. ಐಟಿಯವರದ್ದು ಒಂದೇ ಉತ್ತರ, "ಮುಂದಿನ ಅಪ್‌ಡೇಟಲ್ಲಿ ನೋಡೋಣ". ಅಲ್ಲಿಯವರೆಗೆ ಫೈಲಿನ ರಟ್ಟಿನ ಮೇಲೆ ಕೆಂಪು ಮಾರ್ಕರಿನಲ್ಲಿ ಬರೆಯುವುದೇ ಗತಿ.

ಮೂತ್ರ ಅತಿಯಾಗಿ ಹೋಗದಂತೆ ತಡೆಯುವ ಡೆಸ್ಮೋಪ್ರೆಸಿನ್ ಇನ್ನೊಂದು ಬಲೆ. ಅದರ ಮೇಲಿರುವ ಮಗುವಿಗೆ ಲೆಕ್ಕವಿಲ್ಲದೆ ಡ್ರಿಪ್ ಓಡಿಸಿದರೆ ಸೋಡಿಯಂ ಕುಸಿದು ಫಿಟ್ಸ್ ಬರುತ್ತದೆ. ದಿನಕ್ಕೊಮ್ಮೆಯಾದರೂ ಮೂತ್ರ ತಿಳಿಯಾಗಿ, ಧಾರಾಳವಾಗಿ ಹೋದ ಮೇಲೆಯೇ ಮುಂದಿನ ಡೋಸ್. ಥೈರಾಕ್ಸಿನ್ (ಥೈರಾಯ್ಡ್ ಮಾತ್ರೆ) ಕೂಡ ಅಷ್ಟೇ: ಕಾರ್ಟಿಸಾಲ್ ಸರಿಪಡಿಸದೆ ಶುರು ಮಾಡಿದರೆ ಕ್ರೈಸಿಸ್ಸನ್ನು, ಅಂದರೆ ಕಾರ್ಟಿಸಾಲ್ ಸಾಲದೆ ಕುಸಿಯುವುದನ್ನು, ನಾವೇ ಕರೆದಂತೆ.

ಇದೆಲ್ಲ ಸರಿಹೋದರೂ ಶಾಲೆ ಬಾಕಿ. ಪತ್ರದಲ್ಲಿ "ಫಿಟ್ ಫಾರ್ ಸ್ಕೂಲ್" ಅಂದರೆ ಯಾರಿಗೂ ಏನೂ ತಿಳಿಯದು. ನೀರಿನ ಬಾಟಲಿ ಡೆಸ್ಕಿನ ಮೇಲಿರಲಿ, ಕೇಳಿದಾಗ ಶೌಚಾಲಯಕ್ಕೆ ಬಿಡಿ, ಅಕ್ಕಪಕ್ಕದ ದೃಷ್ಟಿ ಹೋಗಿದ್ದರೆ ಬೋರ್ಡಿಗೆ ನೇರ ಎದುರು ಕೂರಿಸಿ, ಪರೀಕ್ಷೆಗೆ ಹೆಚ್ಚು ಸಮಯ ಕೊಡಿ ಎಂದು ಬಿಡಿಸಿ ಬರೆಯಬೇಕು. ಹಸಿವನ್ನು ನಿಯಂತ್ರಿಸುವ ಮಿದುಳಿನ ಭಾಗವಾದ ಹೈಪೊಥಲಾಮಸ್‌ಗೆ ಪೆಟ್ಟಾದ ಮಗು ಊಟ ಕಡಿಮೆ ಮಾಡಿದರೂ ದಪ್ಪಗಾಗಬಹುದು. ಊಟದ ಡಬ್ಬಿ ನೋಡಿ ಬೈಯಬೇಡಿ ಎಂಬ ಸಾಲನ್ನೂ ಸೇರಿಸಿ, ಪತ್ರದ ಒಂದು ಪ್ರತಿಯನ್ನು ಪಿಟಿ ಮೇಷ್ಟ್ರಿಗೂ ಕೊಡಿಸಿ.