ಹಸಿರು ಎಂದರೆ ಯಾವ ಹಸಿರು?

ಸಾಗರದ ಸೀಮೆಯ ನಮ್ಮೂರಿನಲ್ಲಿ ಈ ಸಲದ ಪರಿಸರ ದಿನಕ್ಕೆ ಮಕ್ಕಳ ಕವಿಗೋಷ್ಠಿ ನಡೆಯಿತು. ಓದಿದ ಕವನಗಳೆಲ್ಲ ಹಸಿರನ್ನು ಮನಸಾರೆ ಹೊಗಳಿದವು. ಆದರೆ ಒಂದರಲ್ಲಿಯೂ ಒಂದು ಮರದ ಹೆಸರಿರಲಿಲ್ಲ. ಕಿಟಕಿಯಾಚೆಯ ಗುಡ್ಡವೂ ಹಸಿರಾಗಿಯೇ ಇತ್ತು, ಆದರೆ ಅದು ಆಸ್ಟ್ರೇಲಿಯಾ ಮೂಲದ ಅಕೇಶಿಯಾ ನೆಡುತೋಪು. ನಾವು ಅದರ ಎಲೆಯೆನ್ನುವುದು ವಾಸ್ತವದಲ್ಲಿ ಚಪ್ಪಟೆಯಾದ ತೊಟ್ಟು. ದನ ಅದಕ್ಕೆ ಬಾಯಿ ಹಾಕುವುದಿಲ್ಲ, ಬಿದ್ದರೆ ಬೇಗ ಕೊಳೆಯುವುದೂ ಇಲ್ಲ. ಹೊನ್ನೆ, ಮತ್ತಿ, ನಂದಿ ಮರಗಳಿರುವ, ತೋಟಕ್ಕೂ ಕೊಟ್ಟಿಗೆಗೂ ಸೊಪ್ಪು ಕೊಡುವ ಸೊಪ್ಪಿನಬೆಟ್ಟವನ್ನೂ ಈ ತೋಪನ್ನೂ ಒಂದೇ ಪದದಲ್ಲಿ ಹಾಡುವ ಕವನ, ತನಗೆ ತಿಳಿಯದೆಯೇ, ಕಾಡನ್ನು ಇಲ್ಲವಾಗಿಸಿದವರ ಪರ ವಹಿಸಿಬಿಡುತ್ತದೆ.

1984ರಲ್ಲಿ ರಾಜ್ಯ ಸರ್ಕಾರವೂ ಹರಿಹರ ಪಾಲಿಫೈಬರ್ಸ್ ಕಂಪನಿಯೂ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಕಟ್ಟಿ, ಶಿವಮೊಗ್ಗವೂ ಸೇರಿದಂತೆ ನಾಲ್ಕು ಜಿಲ್ಲೆಗಳ ಸುಮಾರು 75,000 ಎಕರೆ ಸಾರ್ವಜನಿಕ ಭೂಮಿಯಲ್ಲಿ ನೀಲಗಿರಿಯಂತಹ ತಿರುಳುಮರ (ಕಾರ್ಖಾನೆಗೆ ನಾರಿನ ತಿರುಳು ಒದಗಿಸುವ ಮರ) ಬೆಳೆಸಲು ಹೊರಟಾಗ, ನೋಡುವವರಿಗೆ ಅದೂ ಹಸಿರಿನ ಕೆಲಸವೇ ಆಗಿತ್ತು. ಅದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದ ಅರ್ಜಿದಾರರ ಮುಂಚೂಣಿಯಲ್ಲಿ ಇದ್ದವರು ಶಿವರಾಮ ಕಾರಂತರು. 1987ರ ನವೆಂಬರ್ 14ರಂದು ಹಾನಗಲ್ ಸೀಮೆಯ ಕುಸನೂರಿನಲ್ಲಿ ಜನ ನೀಲಗಿರಿ ಸಸಿಗಳನ್ನು ಕಿತ್ತು ತಮಗೆ ಬೇಕಾದ ಸಸಿಗಳನ್ನು ನೆಟ್ಟರು. ಆ ಸತ್ಯಾಗ್ರಹದ ಹೆಸರು ‘ಕಿತ್ತಿಕೊ-ಹಚ್ಚಿಕೊ’ (ಹಚ್ಚುವುದೆಂದರೆ ಆ ಕಡೆಯ ಮಾತಿನಲ್ಲಿ ನೆಡುವುದು). ಪ್ರಾಸವಿರುವ ಎರಡೇ ಕ್ರಿಯಾಪದಗಳು. ಯಾವುದು ಹೋಗಬೇಕು, ಯಾವುದು ಬರಬೇಕು ಎಂಬುದು ಅಲ್ಲಿ ಸಂದೇಹಕ್ಕೆ ಎಡೆಯಿಲ್ಲದಂತೆ ಇದೆ. ನಾನು ಕವಿತೆಯಿಂದ ಬಯಸುವ ಸ್ಪಷ್ಟತೆ ಅದೇ. 1991ರಲ್ಲಿ ಸರ್ಕಾರ ಕರ್ನಾಟಕ ಪಲ್ಪ್‌ವುಡ್ ಕಂಪನಿಯನ್ನು ಮುಚ್ಚಲು ತೀರ್ಮಾನಿಸಿತು.

2014ರ ಏಪ್ರಿಲ್‌ನಿಂದ ದೊಡ್ಡ ಕಂಪನಿಗಳು ತಮ್ಮ ಸರಾಸರಿ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವ್ಯಯಿಸಬೇಕೆಂಬ ಕಾನೂನಿದೆ. ಆ ವೆಚ್ಚದ ಬಗ್ಗೆ ಕಂಪನಿ ಕೊಡುವ ವರದಿಯೊಂದು ಎಷ್ಟು ಸಸಿ ನೆಟ್ಟೆವೆಂದು ಎಣಿಸಿ ಹೇಳಬಲ್ಲದು. ಯಾವ ಸಸಿ, ಯಾರ ಗೋಮಾಳದಲ್ಲಿ, ಏನನ್ನು ಕಡಿದ ಜಾಗದಲ್ಲಿ ಎಂದು ಕೇಳುವುದು ಕವಿತೆಗೆ ಉಳಿದ ಕೆಲಸ.

ಗೋಷ್ಠಿ ಮುಗಿದ ಮೇಲೆ ಮಕ್ಕಳಿಗೆ ಒಂದೇ ಮಾತು ಹೇಳಿದೆ: ‘ಹಸಿರು’ ಎಂಬ ಪದವನ್ನು ಬಳಸದೆ ಇನ್ನೊಮ್ಮೆ ಬರೆಯಿರಿ. ವಾರದ ಬಳಿಕ ಹುಡುಗಿಯೊಬ್ಬಳು ತಂದ ಕವನದಲ್ಲಿ ಅವಳ ಅಜ್ಜಿ ದರಗು (ಉದುರಿದ ಒಣ ಎಲೆ) ಗುಡಿಸಲು ಹೆಡಿಗೆ ಹಿಡಿದು ಗುಡ್ಡ ಹತ್ತುತ್ತಾಳೆ, ಕೊಟ್ಟಿಗೆಗೆ ಹಾಸಲು ಬರುವ ಎಲೆಯೊಂದೂ ಅಲ್ಲಿ ಸಿಗದೆ ಇಳಿದು ಬರುತ್ತಾಳೆ.