ಖಿನ್ನತೆಗೆ ಮಾತ್ರೆ ಬದಲು ಗಿಡಮೂಲಿಕೆ ತಗೊಳ್ಬಹುದಾ?

ನಾನು ಮೆಡಿಕಲ್ ಶಾಪ್‌ನಲ್ಲಿ ಫಾರ್ಮಸಿಸ್ಟ್. ಡಿಪ್ರೆಶನ್ ಮಾತ್ರೆಯ ಚೀಟಿ ಹಿಡಿದು ಬಂದವರು ದನಿ ತಗ್ಗಿಸಿ ಕೇಳುವುದು ಒಂದೇ: "ಇದರ ಬದಲು ಅಶ್ವಗಂಧ ಥರದ್ದು ಏನಾದರೂ ತಗೊಳ್ಬಹುದಾ? ಗಿಡಮೂಲಿಕೆ ಅಲ್ವಾ, ಏನೂ ಆಗಲ್ಲ ತಾನೇ?"

ಬದಲು ಬೇಡ. ಜೊತೆಗೆ ಬೇಕೆಂದರೆ, ನಿಮ್ಮ ಡಾಕ್ಟರಿಗೆ ಹೇಳಿಯೇ ತಗೊಳ್ಳಿ.

ಗಿಡಮೂಲಿಕೆಗೆ ಶಕ್ತಿ ಇಲ್ಲ ಅಂತ ನಾನು ಹೇಳುತ್ತಿಲ್ಲ. ಇದೆ, ಅದಕ್ಕೇ ಈ ಎಚ್ಚರಿಕೆ. ಸೇಂಟ್ ಜಾನ್ಸ್ ವರ್ಟ್ ಅಂತ ಹಳದಿ ಹೂವಿನ ಗಿಡವೊಂದಿದೆ, ಜರ್ಮನಿಯಲ್ಲಿ ವೈದ್ಯರೇ ಅದನ್ನು ಬರೆದುಕೊಡುತ್ತಾರೆ. 2008ರಲ್ಲಿ, ವೈದ್ಯಕೀಯ ಸಂಶೋಧನೆಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆ ಅದರ ಮೇಲಿನ 29 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಔಷಧವಿಲ್ಲದ ಖಾಲಿ ಮಾತ್ರೆಗಿಂತ ಅದು ಮೇಲು, ಮಾಮೂಲಿ ಖಿನ್ನತೆ ಮಾತ್ರೆಗಳಿಗೆ ಹೆಚ್ಚುಕಡಿಮೆ ಸಮ ಅಂತ ಕಂಡಿತು. ಜರ್ಮನ್ ಮಾತಾಡುವ ದೇಶಗಳ ಪ್ರಯೋಗಗಳಲ್ಲೇ ಫಲ ಜಾಸ್ತಿ ಕಂಡದ್ದು ಅನ್ನುವುದನ್ನೂ ಸೇರಿಸಬೇಕು. ಕೇಸರಿಯ ಮೇಲೆ ಇರಾನಿನಲ್ಲಿ ದಿನಕ್ಕೆ 30 ಮಿಲಿಗ್ರಾಂ ಕೊಟ್ಟು ಮಾಡಿದ ಪ್ರಯೋಗಗಳೂ ಆಸೆ ಹುಟ್ಟಿಸುತ್ತವೆ, ಆದರೆ ಅವು ಚಿಕ್ಕವು, ಕೆಲವೇ ವಾರಗಳವು.

ಇದೇ ಸೇಂಟ್ ಜಾನ್ಸ್ ವರ್ಟ್ ಲಿವರ್‌ನಲ್ಲಿ ಔಷಧ ಒಡೆಯುವ ಕಿಣ್ವಗಳನ್ನು ಚುರುಕು ಮಾಡುತ್ತದೆ. ಆಗ ಗರ್ಭನಿರೋಧಕ ಮಾತ್ರೆ, ರಕ್ತ ಹೆಪ್ಪುಗಟ್ಟದಿರಲು ಕೊಡುವ ವಾರ್ಫರಿನ್, ಕಿಡ್ನಿ ಕಸಿ ಆದವರ ಸೈಕ್ಲೋಸ್ಪೊರಿನ್, ಇವೆಲ್ಲ ಮೈಯಲ್ಲಿ ನಿಲ್ಲಬೇಕಾದಷ್ಟು ಹೊತ್ತು ನಿಲ್ಲುವುದಿಲ್ಲ. ಎಸ್ಸಿಟಾಲೊಪ್ರಾಮ್, ಸರ್ಟ್ರಾಲಿನ್ ಥರದ ಖಿನ್ನತೆ ಮಾತ್ರೆಗಳ ಜೊತೆ ಸೇರಿದರೆ ಸೆರೊಟೋನಿನ್ ಅನ್ನುವ ಮೆದುಳಿನ ರಾಸಾಯನಿಕ ವಿಪರೀತವಾಗಿ ನಡುಕ, ಜ್ವರ, ಗೊಂದಲ ಶುರುವಾಗಬಹುದು, ಪ್ರಾಣಕ್ಕೂ ಕುತ್ತು ಬರಬಹುದು. ವಿದೇಶದಲ್ಲಿರುವ ಮಕ್ಕಳು ಅಪ್ಪ ಅಮ್ಮನಿಗೆ ಪ್ರೀತಿಯಿಂದ ಕಳಿಸುವ ಡಬ್ಬಿಗಳಲ್ಲಿ ಇದೂ ಇರುತ್ತದೆ, ದಯವಿಟ್ಟು ಲೇಬಲ್ ಓದಿ.

ಅಶ್ವಗಂಧಕ್ಕೆ ಇರುವ ಆಧಾರ ಒತ್ತಡ ಮತ್ತು ನಿದ್ದೆಗೆ, ಖಿನ್ನತೆಗೆ ಅಷ್ಟಿಲ್ಲ. ಕೆಲವರಿಗೆ ಲಿವರ್ ತೊಂದರೆ ಆಗಿದೆ, ಥೈರಾಯ್ಡ್ ಮಾತ್ರೆ ತಗೊಳ್ಳುವವರು ಕೇಳದೆ ಮುಟ್ಟಬಾರದು.

ನನಗೆ ಜಾಸ್ತಿ ಭಯ ಸರ್ಪಗಂಧದ್ದು. "ನಿದ್ದೆ ಬರುತ್ತೆ, ಬಿಪಿ ಇಳಿಯುತ್ತೆ" ಅಂತ ಯಾರೋ ಹೇಳಿದ್ದನ್ನು ನಂಬಿ ಖಿನ್ನತೆ ಇರುವವರೂ ಕೇಳುತ್ತಾರೆ. ಅದರ ಬೇರಿನಿಂದ ತೆಗೆದ ರಿಸರ್ಪಿನ್ ಅನ್ನು 1950ರ ದಶಕದಲ್ಲಿ ಬಿಪಿಗೆ ಕೊಡುತ್ತಿದ್ದಾಗ, ತಗೊಂಡ ಕೆಲವರಲ್ಲಿ ಖಿನ್ನತೆ ಕಾಣಿಸಿತ್ತು. ಖಿನ್ನತೆ ಇರುವವರಿಗೆ ಅದನ್ನು ಕೊಡಬಾರದು ಅಂತಲೇ ಇದೆ.

ಒಂದೆಲಗದ ತಂಬುಳಿ, ಅರಿಶಿನದ ಹಾಲು ಬೇರೆ ಮಾತು. ಅದು ಊಟ, ಆರಾಮಾಗಿ ತಗೊಳ್ಳಿ.

ಒಂದು ವಿಷಯ ಮಾತ್ರ ಮರೆಯಬೇಡಿ. ಖಿನ್ನತೆಯ ಮಾತ್ರೆಯ ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಮೊದಲ ವಾರವೇ "ಏನೂ ಆಗ್ಲಿಲ್ಲ" ಅಂತ ಬೇಸರವಾಗಿ ಬಿಟ್ಟು ಪುಡಿ, ಕಷಾಯಕ್ಕೆ ಹೋಗುವವರನ್ನು ನೋಡಿದರೆ ಸಂಕಟವಾಗುತ್ತದೆ. ಬಹಳ ದಿನ ತಗೊಂಡವರು ದಿಢೀರಂತ ನಿಲ್ಲಿಸಿದರೆ ತಲೆಸುತ್ತು, ಚಡಪಡಿಕೆ ಬರುತ್ತದೆ. ಮನೆಯಲ್ಲಿರುವ ಚೂರ್ಣದ ಡಬ್ಬಿಯನ್ನೂ ಡಾಕ್ಟರ ಮುಂದೆ ಇಡಿ, ಬೈದರೆ ಬೈಯಲಿ. ಸಾಯುವ ಯೋಚನೆ ಬರುತ್ತಿದ್ದರೆ ಮೂಲಿಕೆಯ ವಿಚಾರವನ್ನೆಲ್ಲ ಪಕ್ಕಕ್ಕಿಟ್ಟು ಈಗಲೇ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ದುಡ್ಡಿಲ್ಲ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.